ಅವಳೊಬ್ಬಳಿಗೇ ಗೊತ್ತಿರುವ ಪಾಸ್‌ವರ್ಡ್

ಸೂಜಿಯ ಕೊಕ್ಕೆಗೆ ಸಿಕ್ಕಿದ ಕೂದಲೆಳೆ ಕಿಟಕಿಯ ಬೆಳಕಿಗೆ ಒಮ್ಮೆ ಕಂದು, ಒಮ್ಮೆ ಕಪ್ಪು, ಯಾವ ತಲೆಯಲ್ಲಿ ಬೆಳೆದದ್ದೋ ಇದು, ಯಾವ ತಲೆಗೆ ಹೋಗಿ ಕೂರುತ್ತದೋ, ವಿಗ್ಗಿನ ಬಲೆಯ ಕಣ್ಣಿನೊಳಗೆ ತೂರಿಸಿ, ಎಳೆದು, ಗಂಟು ಹಾಕಿ, ಇನ್ನೊಂದು ಎಳೆ, ಇನ್ನೊಂದು ಗಂಟು — ಮೇಜಿನ ಮೇಲೆ ಫೋನು ಗುರ್ ಎಂದು ನಡುಗಿತು, ಪಕ್ಕದಲ್ಲಿದ್ದ ಗುಂಡುಪಿನ್ನಿನ ಡಬ್ಬಿಯನ್ನೂ ನಡುಗಿಸಿತು, ನಡುಗಲಿ, ಗಂಟು ಅರ್ಧದಲ್ಲಿದೆ, ಅರ್ಧಕ್ಕೆ ಬಿಟ್ಟರೆ ಎಳೆ ಜಾರುತ್ತದೆ, ಅವಳು ಬಿಗಿದು ಮುಗಿಸಿಯೇ ಕನ್ನಡಕದ ಮೇಲಿಂದ ಕಣ್ಣು ಹಾಯಿಸಿದಳು, ನಿಮ್ಮ ಖಾತೆಯನ್ನು ತೆರೆಯಲು ಯಾರೋ ಪ್ರಯತ್ನಿಸಿದ್ದಾರೆ, ಪಾಸ್‌ವರ್ಡ್ ತಪ್ಪಾಗಿದ್ದರಿಂದ ತಡೆಯಲಾಗಿದೆ, ಇದು ನೀವೇನಾ — ನಾನಲ್ಲಪ್ಪ, ನಾನು ಮರದ ತಲೆಯೊಂದನ್ನು ತೊಡೆ ಮೇಲಿಟ್ಟುಕೊಂಡು ಬೆಳಗಿನಿಂದ ಇಲ್ಲೇ ಕೂತಿದ್ದೀನಿ, ಅಂತ ಫೋನಿಗೇ ಹೇಳುವವಳ ಹಾಗೆ ತುಟಿ ಅಲ್ಲಾಡಿಸಿ, ನಾನಲ್ಲ ಅನ್ನುವುದನ್ನು ಒತ್ತಿದಳು, ಒತ್ತಿ ಆ ಸಾಲನ್ನು ಇನ್ನೊಮ್ಮೆ ಓದಿದಳು, ತಡೆಯಲಾಗಿದೆ, ಎಷ್ಟು ಚೆಂದದ ಮಾತು, ಯಾವನೋ ಎಲ್ಲಿಯೋ ಕೂತು ಅವಳ ಬಾಗಿಲಿಗೆ ಭುಜ ಕೊಟ್ಟು ತಳ್ಳಿದ್ದಾನೆ, ಬಾಗಿಲು ಜಪ್ಪಯ್ಯ ಅಂದಿಲ್ಲ, ಆ ಬಾಗಿಲನ್ನು ಮಾಡಿದ್ದು ಮೈದುನನಲ್ಲ, ಮಗಳೂ ಅಲ್ಲ, ಅವಳೇ.

ಒಳಗೆ ಏನಿದೆ ಅಂತ ಅವನಿಗೇನು ಗೊತ್ತು, ದುಡ್ಡಿದೆ ಅಂದುಕೊಂಡಿರಬೇಕು ಪಾಪ, ಇರುವುದು ತಲೆಗಳು, ಬೋಳು ತಲೆಗಳು, ಎದುರಿನಿಂದ ಒಂದು, ಹಿಂದಿನಿಂದ ಒಂದು, ಎರಡು ಪಕ್ಕದಿಂದ ಒಂದೊಂದು, ಹಣೆಯ ಅಂಚು ಎಲ್ಲಿ ಮುಗಿಯುತ್ತದೆ, ಕಿವಿಯ ಹಿಂದೆ ಚರ್ಮದ ಬಣ್ಣ ಹೇಗಿದೆ, ಇವೆಲ್ಲ ಇಲ್ಲದೆ ವಿಗ್ ಕೂರುವುದಿಲ್ಲ, ಕೂತರೂ ನಾಟಕದ್ದರ ಹಾಗೆ ಕೂರುತ್ತದೆ, ಅಂಗಡಿಯ ಮುಂಭಾಗದಲ್ಲಿ ನಾಟಕದವುಗಳೇ ಇವೆ, ರಾಜನ ಉಂಗುರಗೂದಲು, ಮುದುಕಿಯ ಬಿಳಿ ತುರುಬು, ರಾಕ್ಷಸನ ಜಟೆ, ರಸ್ತೆಯಲ್ಲಿ ಹೋಗುವವರು ಅವನ್ನು ನೋಡಿ ನಗುತ್ತಾರೆ, ನಗಲಿ ಅಂತಲೇ ಅವುಗಳನ್ನು ಅಲ್ಲಿಟ್ಟಿರುವುದು, ಪರದೆಯ ಹಿಂದಕ್ಕೆ ಬರುವವರು ನಗುವುದಕ್ಕೆ ಬರುವವರಲ್ಲ, ಔಷಧಿಯಿಂದ ಉದುರಿಸಿಕೊಂಡವರು, ಕಾರಣವೇ ಗೊತ್ತಿಲ್ಲದೆ ಉದುರಿಸಿಕೊಂಡವರು, ತಲೆಗೆ ಸುತ್ತಿದ ಬಟ್ಟೆಯನ್ನು ಬಿಚ್ಚುವ ಮೊದಲು ಪರದೆ ಸರಿಯಾಗಿ ಎಳೆದಿದೆಯಾ ಅಂತ ಇನ್ನೊಮ್ಮೆ ನೋಡುವವರು, ನಮ್ಮ ಅತ್ತೆಗೂ ಗೊತ್ತಿಲ್ಲ ಮೇಡಂ, ನಿಮ್ಮ ಮುಂದೆ ಮಾತ್ರ ಬಿಚ್ತಾ ಇದೀನಿ — ಹಾಗೆ ಬಿಚ್ಚಿದ ತಲೆಯನ್ನು ಅವಳು ಮೊದಲು ಕೈಯಿಂದ ಮುಟ್ಟುತ್ತಾಳೆ, ಬರಿಗೈಯಿಂದ, ಮುಟ್ಟಿದ ಮೇಲೆಯೇ ಕ್ಯಾಮೆರಾ, ಆ ಫೋಟೋಗಳೆಲ್ಲ ಆ ಖಾತೆಯಲ್ಲಿ, ಎಷ್ಟೋ ಜನರ ಎಷ್ಟೋ ವರ್ಷಗಳ ಮುಚ್ಚುಮರೆ, ಪಕ್ಕದ ಮಳಿಗೆಯ ಸ್ಟುಡಿಯೋದವನ ಖಾತೆಗೆ ಕಳೆದ ಬೇಸಿಗೆಯಲ್ಲಿ ಯಾರೋ ನುಗ್ಗಿ, ಅವನು ತೆಗೆದ ಮನೆಮಂದಿಯ ಫೋಟೋಗಳನ್ನೆಲ್ಲ ಹರಡಿ, ಒಂದೊಂದರ ಕೆಳಗೆ ಬಾಯಲ್ಲಿ ಹೇಳಲಾಗದ ಮಾತು ಬರೆದು ಹಾಕಿದ್ದರು, ಜನ ಬಂದು ಅವನ ಮುಂದೆಯೇ ತಮ್ಮ ಫ್ರೇಮುಗಳನ್ನು ಎತ್ತಿಕೊಂಡು ಹೋದರು, ಅವನು ಶಟರ್ ಅರ್ಧ ಇಳಿಸಿ ಒಳಗೆ ಸ್ಟೂಲಿನ ಮೇಲೆ ಕೂತಿದ್ದ, ಅವಳು ಚಹಾ ತೆಗೆದುಕೊಂಡು ಹೋದಾಗ ಕತ್ತೆತ್ತಲಿಲ್ಲ, ಏನು ಇಟ್ಟಿದ್ರಿ ಪಾಸ್‌ವರ್ಡು ಅಂದಿದ್ದಕ್ಕೆ, ಸ್ಟುಡಿಯೋ ಹೆಸರೇ ಅಕ್ಕಾ, ಇನ್ನೇನಿಡ್ಲಿ, ಮರೆತುಹೋಗುತ್ತಲ್ಲ, ಅಂದ.

ಮರೆತುಹೋಗುತ್ತಲ್ಲ, ಹೌದು, ಅವಳದೂ ಅದೇ ಕಥೆಯಾಗಿತ್ತು, ಮೈದುನ ಹಾಕಿಕೊಟ್ಟದ್ದು, ಅತ್ತಿಗೆ, ನಿಮಗೆ ಸುಲಭ ಆಗೋ ಹಾಗೆ ಇಟ್ಟಿದ್ದೀನಿ, ಪುಟ್ಟಿ ಹೆಸರು, ಪಕ್ಕದಲ್ಲಿ ಅವಳು ಹುಟ್ಟಿದ ವರ್ಷ, ಮಗಳಿಗೆ ಮದುವೆಯ ವಯಸ್ಸು ಬಂದರೂ ಮನೆಯಲ್ಲಿ ಅವಳು ಪುಟ್ಟಿಯೇ, ಕರೆಂಟ್ ಬಿಲ್ಲಿಗೂ ಪುಟ್ಟಿ, ಮೇಲ್‌ಗೂ ಪುಟ್ಟಿ, ಅಂಗಡಿಯ ಖಾತೆಗೂ ಪುಟ್ಟಿ, ಒಂದು ಕೀಲಿ ಸಿಕ್ಕರೆ ಇಡೀ ಮನೆ, ಆದರೆ ಆಗ ಹಾಗೆ ಯೋಚಿಸಿದವರು ಯಾರು — ಸ್ಟುಡಿಯೋದವನ ಸುದ್ದಿಯನ್ನು ಭಾನುವಾರದ ಊಟದಲ್ಲಿ ಹೇಳುತ್ತಿದ್ದಾಗ ಮೈದುನ ನಗುತ್ತ ಕೈಚಾಚಿ ಅವಳ ಫೋನು ತೆಗೆದುಕೊಂಡ, ಅವನು ಕೆಟ್ಟವನಲ್ಲ, ಎಲ್ಲರ ಕಂಪ್ಯೂಟರನ್ನೂ ಸುಮ್ಮನೆ ರಿಪೇರಿ ಮಾಡಿಕೊಡುವವನು, ನಾನು ಹಾಕಿಕೊಟ್ಟದ್ದು ನಂಗೇ ಮರೆತುಹೋಗಿದೆ, ತಡೀರಿ, ಅತ್ತಿಗೆ ಏನಿಟ್ಟಿರ್ತಾರೆ ಅಂತ ಹೇಳ್ತೀನಿ ಅಂತ ಮೊದಲು ಅಣ್ಣನ ಹೆಸರು ಒತ್ತಿದ, ಇಲ್ಲ, ಮನೆಯ ಹೆಸರು, ಇಲ್ಲ, ಪುಟ್ಟಿ ಹುಟ್ಟಿದ್ದು ಯಾವಾಗ, ಹಾಂ — ತೆರೆದುಕೊಂಡಿತು, ಅನ್ನ ಬಡಿಸುವಷ್ಟು ಹೊತ್ತೂ ಹಿಡಿಯಲಿಲ್ಲ, ಎಲ್ಲರೂ ನಕ್ಕರು, ಅವಳೂ ನಕ್ಕಳು, ನಗದೆ ಇನ್ನೇನು ಮಾಡುವುದು, ಆಮೇಲೆ ಅವನೊಬ್ಬನೇ ನಗು ನಿಲ್ಲಿಸಿದ್ದು ಕಂಡಿತು, ಫೋನಿನ ಪರದೆಯ ತುಂಬ ಸಾಲುಸಾಲಾಗಿ ಬೋಳು ತಲೆಗಳು, ಅವನು ಫೋನನ್ನು ಥಟ್ಟನೆ ಬೋರಲು ಹಾಕಿ ಅವಳ ತಟ್ಟೆಯ ಪಕ್ಕಕ್ಕೆ ತಳ್ಳಿದ, ಸಾರಿ ಅತ್ತಿಗೆ, ಅಂತ ಬೇರೆ ಯಾರಿಗೂ ಕೇಳದ ಹಾಗೆ ಅಂದ, ಅವನು ಒಳ್ಳೆಯವನಾದ್ದರಿಂದ ಬೋರಲು ಹಾಕಿದ, ಇನ್ನೊಬ್ಬ ಹಾಕುತ್ತಿರಲಿಲ್ಲ.

ಅವತ್ತು ಪಾತ್ರೆ ತೊಳೆಯುವಾಗ ಮಗಳು ಬಂದು ಸಿಂಕಿನ ಪಕ್ಕ ಒರಗಿ ನಿಂತಳು, ಅಮ್ಮಾ, ಬದಲಾಯಿಸೋಣ, ಈ ಸಲ ನೀನೇ ಮಾಡು, ಉದ್ದ ಇರ್ಲಿ, ಉದ್ದ ಇದ್ದಷ್ಟೂ ಗಟ್ಟಿ, ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕಾರು ಮಾತು ಜೋಡಿಸು, ಒಂದು ಖಾತೆಗೆ ಇಟ್ಟದ್ದು ಇನ್ನೊಂದಕ್ಕೆ ಇಡಬೇಡ, ಬರೆದು ಕನ್ನಡಿಗೆ ಅಂಟಿಸಬೇಡ — ನಾನೆಲ್ಲಿ ಅಂಟಿಸಿದೆ — ಕ್ಯಾಲೆಂಡರಿನ ಹಿಂದೆ ಬರ್ದಿದ್ದೀಯಲ್ಲ ನೋಡಿದ್ದೀನಿ, ಅಂತ ನಕ್ಕು, ಮತ್ತೆ ನಗು ಬಿಟ್ಟು, ನಿಂಗೊಬ್ಬಳಿಗೇ ಗೊತ್ತಿರೋದು ಏನಾದ್ರೂ ಇಡು, ನಂಗೂ ಹೇಳ್ಬೇಡ. ಮೊದಲು ಯಂತ್ರವೇ ಸೂಚಿಸಿದ್ದನ್ನು ಇಟ್ಟು ನೋಡಿದಳು, ಅಕ್ಷರ, ಅಂಕೆ, ಕೊಕ್ಕೆ, ಚುಕ್ಕೆ, ಯಾರೋ ಬಾಚದೆ ಬಿಟ್ಟ ಜಡೆಯ ಹಾಗೆ, ಮಾರನೆಯ ದಿನ ಅಂಗಡಿಗೆ ಬಂದು ಕೂತರೆ ತಲೆ ಖಾಲಿ, ತನ್ನ ಬಾಗಿಲಿನ ಹೊರಗೆ ತಾನೇ ನಿಂತಂತಾಯಿತು, ಅದನ್ನೆಲ್ಲ ಇಟ್ಟುಕೊಳ್ಳೋಕೆ ಬೇರೆ ಆ್ಯಪೇ ಇದೆ ಅಮ್ಮಾ, ಆದರೆ ಅದಕ್ಕೂ ಒಂದು ಪಾಸ್‌ವರ್ಡು ನಿನ್ನ ತಲೆಯಲ್ಲೇ ಇರಬೇಕಲ್ಲ, ಅಂದಳು ಮಗಳು, ಆಮೇಲೆ ಇವಳು ಒಂದು ಹಾಡಿನ ಸಾಲು ಇಡಲೇ ಅಂದಳು, ಅದು ಎಲ್ಲರಿಗೂ ಬರುತ್ತೆ ಅಮ್ಮಾ, ಸರಿ, ಬಿಡು, ನಿಂಗೊಬ್ಬಳಿಗೇ ಗೊತ್ತಿರೋದು, ನಿಂಗೊಬ್ಬಳಿಗೇ — ಹೇಳುವುದು ಸುಲಭ.

ಏನು ಗೊತ್ತು ತನಗೊಬ್ಬಳಿಗೇ, ಸೂಜಿ ಹಿಡಿದು ಗಂಟು ಹಾಕುತ್ತ ಅದನ್ನೇ ಹುಡುಕಿದ್ದಳು ಆ ವಾರವೆಲ್ಲ, ಪೆಟ್ಟಿಗೆಯ ತಳದಲ್ಲಿ ಕೈಯಾಡಿಸುವ ಹಾಗೆ, ಮದುವೆಯ ದಿನ ಚಪ್ಪಲಿ ಕಳೆದದ್ದು — ಗಂಡನಿಗೆ ಗೊತ್ತು, ಅದನ್ನು ಅವರು ಊರಿಗೆಲ್ಲ ಹೇಳಿ ಮುಗಿಸಿದ್ದಾರೆ, ಮಗಳು ಹುಟ್ಟಿದಾಗ ನರ್ಸಿನ ಕೈ ಕಚ್ಚಿದ್ದು — ನಾದಿನಿಗೆ ಗೊತ್ತು, ಅತ್ತೆ ಸಾಯುವ ಮೊದಲು ಅವಳ ಕೈ ಹಿಡಿದು ಹೇಳಿದ ಮಾತು — ಇಲ್ಲ, ಅದನ್ನು ಹೀಗೆ ದಿನಕ್ಕೆ ಹತ್ತು ಸಲ ಕುಟ್ಟುವುದು ಬೇಡ, ಕೆಲಸ ಕಲಿಸಿದ ನಾಟಕದ ಕಂಪನಿಯ ಮೇಸ್ತ್ರಿ ಬೈದ ಬೈಗುಳ — ಇಡೀ ಕಂಪನಿಗೆ ಗೊತ್ತು, ಯಾವುದನ್ನು ಎತ್ತಿಕೊಂಡರೂ ಅದರ ಇನ್ನೊಂದು ತುದಿಯನ್ನು ಯಾರೋ ಹಿಡಿದುಕೊಂಡಿದ್ದಾರೆ, ತಾಯಿ, ಹೆಂಡತಿ, ಸೊಸೆ, ಅತ್ತಿಗೆ, ಅಕ್ಕಾ, ಮೇಡಂ, ಎಲ್ಲರಿಗೂ ಎಲ್ಲವೂ ಗೊತ್ತು, ತನ್ನದು ಅನ್ನುವುದೇ ಇಲ್ಲವಾ, ಇಷ್ಟು ವರ್ಷ ಬದುಕಿ ಒಂದು ಗುಟ್ಟೂ ಉಳಿಸಿಕೊಳ್ಳಲಿಲ್ಲವಾ, ಅವತ್ತು ಅವಳಿಗೆ ನಿಜಕ್ಕೂ ಹೆದರಿಕೆಯಾಯಿತು, ಕಳ್ಳರ ಹೆದರಿಕೆಯಲ್ಲ, ಇದು ಬೇರೆ, ಎಳೆ ಕೈಯಿಂದ ಜಾರಿತು, ಜಾರಿದ್ದನ್ನು ಹುಡುಕಲು ಬಗ್ಗಿದಳು, ಮೇಜಿನ ಕೆಳಗೆ ಯಾರದೋ ಕೋಟಿನಿಂದ ಕಿತ್ತು ಬಿದ್ದ ಒಂದು ಗುಂಡಿ, ನೀಲಿ ಗುಂಡಿ, ಅದನ್ನು ಎತ್ತಿಕೊಂಡು ಅಂಗೈ ಮೇಲೆ ಇಟ್ಟುಕೊಂಡಳು — ಆಗ ಅದು ಬಂತು, ಬಂದು ಕೂತುಬಿಟ್ಟಿತು, ಕೋಳಿ.

ಶಾಲೆ ಮುಗಿಸಿದ ವರ್ಷ, ಅಮ್ಮ ಅಂಗಿಯ ಗುಂಡಿ ತರಲು ಕಳಿಸಿದ್ದಳು, ಬರುವ ದಾರಿಯಲ್ಲಿ ನೀರಿನ ಟ್ಯಾಂಕು, ಉದ್ದ ಕಾಲಿನ ಮೇಲೆ ನಿಂತ ದೊಡ್ಡ ಸಿಮೆಂಟಿನ ಬಟ್ಟಲು, ಪಕ್ಕಕ್ಕೆ ಕಬ್ಬಿಣದ ಏಣಿ, ಅಣ್ಣ ಅರ್ಧದವರೆಗೆ ಹತ್ತಿ ಇಳಿದು ಬಂದು ವರ್ಷವಿಡೀ ಅದನ್ನೇ ಹೇಳಿಕೊಂಡಿದ್ದ, ಹುಡುಗಿಯರಿಗೆ ಅಲ್ಲೇನು ಕೆಲಸ ಅಂತ ಅಪ್ಪ, ಅವತ್ತು ಕಾವಲಿನವನು ಇರಲಿಲ್ಲ, ಗೇಟು ಒಂದು ಬೆರಳು ತೆರೆದಿತ್ತು, ಬೇರೆ ಯಾವ ಕಾರಣವೂ ಇರಲಿಲ್ಲ, ಏಣಿ ಇತ್ತು ಅದಕ್ಕೇ ಹತ್ತಿದಳು, ಗುಂಡಿಯ ಪೊಟ್ಟಣವನ್ನು ಹಲ್ಲಲ್ಲಿ ಕಚ್ಚಿಕೊಂಡು, ಕಬ್ಬಿಣ ಬಿಸಿಲಿಗೆ ಕಾದಿದೆ, ಅಂಗೈಗೆ ತುಕ್ಕು ಹತ್ತುತ್ತಿದೆ, ಅರ್ಧ ಬಂತು, ಅಣ್ಣನ ಅರ್ಧ, ಅದನ್ನೂ ದಾಟಿದಳು, ಬಾಯಲ್ಲಿ ಕಾಗದದ ರುಚಿ, ಕಿವಿಯಲ್ಲಿ ಗಾಳಿ, ಕೆಳಗೆ ನೋಡಬಾರದು, ನೋಡಿದಳು, ಊರು ಯಾರೋ ಹಾಸಿ ಮಡಚಲು ಮರೆತ ಬಟ್ಟೆಯ ಹಾಗೆ ಬಿದ್ದಿತ್ತು, ತುದಿಯ ಅಂಚನ್ನು ಹಿಡಿದು ಮೊಣಕಾಲೂರಿ ಮೈಯನ್ನು ಮೇಲಕ್ಕೆ ಎಳೆದುಕೊಂಡರೆ, ಎದುರಿಗೆ, ಬಟ್ಟಬಯಲಿನಂಥ ಸಿಮೆಂಟಿನ ಮುಚ್ಚಳದ ನಡುವೆ, ಒಂದು ಬಿಳಿ ಕೋಳಿ, ಸುಮ್ಮನೆ ಕೂತಿದೆ, ಹೇಗೆ ಬಂತು, ಕೋಳಿ ಅಷ್ಟೆತ್ತರ ಹಾರುವುದುಂಟೇ, ಯಾರಾದರೂ ತಂದು ಬಿಟ್ಟರೇ, ಅದು ಕತ್ತು ತಿರುಗಿಸಿ ಒಂದು ಕಣ್ಣಿನಿಂದ ಅವಳನ್ನು ನೋಡಿತು, ಬಂದೆಯಾ, ಇಷ್ಟು ತಡವೇಕೆ, ಅನ್ನುವ ಹಾಗೆ. ಅವಳು ಅದರ ಪಕ್ಕ ಕೂತಳು, ಪೊಟ್ಟಣ ಬಿಚ್ಚಿ ಒಂದು ನೀಲಿ ಗುಂಡಿ ಉರುಳಿಸಿದಳು, ಅದು ಕುಕ್ಕಿ ನೋಡಿ ಉಗುಳಿತು, ಗಾಳಿ ಬಂದಾಗ ಅದರ ಗರಿಯೂ ಅವಳ ಕೂದಲೂ ಒಂದೇ ಕಡೆಗೆ ಹಾರಿದವು, ಎಷ್ಟು ಹೊತ್ತು ಕೂತಿದ್ದಳೋ, ಇಳಿದು ಮನೆಗೆ ಹೋದರೆ ಅಮ್ಮ, ಯಾಕೆ ಇಷ್ಟು ಹೊತ್ತು, ಅಂಗಡೀಲಿ ಜನ ಇದ್ರು ಅಮ್ಮಾ, ಒಂದು ಗುಂಡಿ ಕಡಿಮೆ ಇದೆಯಲ್ಲೇ, ಅಂಗಡಿಯವನು ಮೋಸ ಮಾಡಿದಾನೆ ನೋಡು, ಅಷ್ಟೇ. ಯಾರಿಗೂ ಹೇಳಲಿಲ್ಲ, ಹೇಳಿದರೆ ಬೈಗುಳ ಆಗುತ್ತಿತ್ತು, ಇಲ್ಲವೇ ನಗೆಪಾಟಲು, ಆಮೇಲೆ ಹೇಳು ಅಂತ ಯಾರೂ ಕೇಳಲಿಲ್ಲ, ಆಮೇಲೆ ತನಗೇ ಮರೆತುಹೋಯಿತು, ಅಥವಾ ಮರೆತಿರಲಿಲ್ಲ, ಯಾರ ಕೈಯೂ ತಾಗದ ಜಾಗದಲ್ಲಿ ಅದು ತಾನಾಗಿಯೇ ಕೂತಿತ್ತು.

ಹಾಗೆ ಕಟ್ಟಿದಳು ಪಾಸ್‌ವರ್ಡನ್ನು, ಎಳೆಗೆ ಎಳೆ ಹೊಂದಿಸುವ ಹಾಗೆ, ಬುಡ ಯಾವುದು ತುದಿ ಯಾವುದು ಅಂತ ನೋಡಿ, ಟ್ಯಾಂಕು ಬೇಡ, ಟ್ಯಾಂಕಿನ ಜೊತೆ ಏಣಿ ತಾನಾಗಿ ನೆನಪಾಗುತ್ತದೆ, ಬೇರೆಯವನಿಗೂ ನೆನಪಾಗುತ್ತದೆ, ಕೋಳಿ ಇರಲಿ, ಬಾಯಲ್ಲಿದ್ದ ರುಚಿಯೊಂದು ಇರಲಿ, ಅಮ್ಮ ಅಂದ ಮಾತಿನಿಂದ ಒಂದು ಪದ, ನಡುವೆ ಬೇಕೆಂದೇ ಒಂದು ಕಾಗುಣಿತ ತಪ್ಪು, ಚಿಕ್ಕಂದಿನಲ್ಲಿ ತಾನು ಹೇಳುತ್ತಿದ್ದ ಹಾಗೆ, ಕೊನೆಯಲ್ಲಿ — ಇಲ್ಲ, ಉಳಿದದ್ದನ್ನು ಮನಸ್ಸಿನಲ್ಲೂ ಹೇಳಿಕೊಳ್ಳುವುದಿಲ್ಲ, ಗೋಡೆಗೂ ಕಿವಿ ಅಂತಲ್ಲ, ಅಭ್ಯಾಸ, ಒಳಗೆ ಹೇಳಿಕೊಂಡದ್ದು ಒಂದು ದಿನ ತುಟಿಗೆ ಬರುತ್ತದೆ. ಮಗಳು ಪಕ್ಕದಲ್ಲಿ ಕೂತು, ನಾನು ಆ ಕಡೆ ತಿರುಗಿರ್ತೀನಿ ಅಂತ ಗೋಡೆ ನೋಡುತ್ತಿದ್ದಳು, ಇವಳು ಟೈಪ್ ಮಾಡಿದಳು, ಇನ್ನೊಮ್ಮೆ ಮಾಡಿದಳು, ಪಕ್ಕದ ಕೆಂಪು ಪಟ್ಟಿ ಹಳದಿಯಾಗಿ ಹಸಿರಾಗಿ ತುಂಬಿಕೊಂಡಿತು, ತುಂಬಾ ಬಲವಾಗಿದೆ, ಅಂತ ಬಂತು, ಅವಳಿಗೆ ಯಾರೂ ಹಾಗೆ ಹೇಳಿರಲಿಲ್ಲ, ಶಾಲೆಯಲ್ಲಿ ಸಾಧಾರಣ, ಮದುವೆಯ ಮಾತುಕತೆಯಲ್ಲಿ ಸ್ವಲ್ಪ ತೆಳ್ಳಗೆ, ಇಲ್ಲಿ ತುಂಬಾ ಬಲವಾಗಿದೆ, ಓದುವಾಗ ಕೆನ್ನೆ ಬಿಸಿಯಾಯಿತು, ಅಮ್ಮಾ ಇದರ ಮೇಲೆ ಫೋನಿಗೊಂದು ಕೋಡ್ ಬರೋ ಹಾಗೂ ಮಾಡ್ತೀನಿ, ಎರಡನೇ ಚಿಲಕ, ಮಾಡು, ಅದನ್ನೂ ಮಾಡು. ಆಮೇಲಿನದು ಇನ್ನೂ ಮಜಾ, ಒಂದು ಸಿಕ್ಕಿದ ಮೇಲೆ ಉಳಿದವು ಸಾಲು ಹಿಡಿದು ಬಂದವು, ಮೇಲ್‌ಗೆ ಬೇರೆ, ಬಿಲ್ಲಿಗೆ ಬೇರೆ, ನಾಟಕದ ಸಾಮಾನಿನ ಕೋಣೆಯಲ್ಲಿ ಯಾರಿಗೂ ಕಾಣದೆ ರಾಜನ ಸಿಂಹಾಸನದ ಮೇಲೆ ಮಲಗಿ ನಿದ್ದೆ ಹೊಡೆದ ಮಧ್ಯಾಹ್ನ, ನಿಲ್ದಾಣದಲ್ಲಿ ಗಾಡಿ ತಪ್ಪಿಸಿಕೊಂಡು ಕುರುಡು ಕುದುರೆಯೊಂದಕ್ಕೆ ತನ್ನ ಕಷ್ಟವನ್ನೆಲ್ಲ ಹೇಳಿಕೊಂಡದ್ದು, ಎಷ್ಟಿವೆ, ಪೆಟ್ಟಿಗೆ ಖಾಲಿ ಅಂದುಕೊಂಡಿದ್ದಳಲ್ಲ, ಮುಚ್ಚಳ ಹಾಕಲಾಗದಷ್ಟಿವೆ.

ಮುಂದಿನ ಭಾನುವಾರ ಮೈದುನ ತಾನಾಗಿಯೇ ಕೈಚಾಚಲಿಲ್ಲ, ಅವಳೇ ಫೋನನ್ನು ಅವನ ತಟ್ಟೆಯ ಪಕ್ಕಕ್ಕೆ ತಳ್ಳಿದಳು, ನೋಡಪ್ಪಾ, ಈಗ ತೆಗಿ. ಬೇಡ ಅತ್ತಿಗೆ. ಪರವಾಗಿಲ್ಲ, ತೆಗಿ. ಎಲ್ಲರೂ ಸೇರಿದರು, ಪುಟ್ಟಿಯ ಹೆಸರು ಹಿಂದುಮುಂದು ಮಾಡಿ ಒಂದು, ಮನೆಯ ನಾಯಿಯ ಹೆಸರು, ಅಂಗಡಿಯ ಹೆಸರು, ಮದುವೆಯ ತಾರೀಕು — ಗಂಡ ತಾರೀಕನ್ನು ತಪ್ಪು ಹೇಳಿದರು, ಅದಕ್ಕೊಂದು ನಗು — ನಾದಿನಿ, ಅಣ್ಣನ ಹೆಸರನ್ನೇ ಉದ್ದ ಮಾಡಿ ಇಟ್ಟಿರ್ತಾಳೆ ನೋಡು, ಅಂದಳು, ಅದೂ ಅಲ್ಲ, ಬಹಳ ಸಲ ತಪ್ಪಾಗಿದೆ, ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ, ಅಂತ ಫೋನು ಬಾಯಿ ಮುಚ್ಚಿಕೊಂಡಿತು, ಮೈದುನ ಎರಡೂ ಕೈ ಎತ್ತಿ, ಅತ್ತಿಗೆ, ಸೋತೆ, ಅಂದ, ಬಾಯ್ತುಂಬ ಅಂದ, ಮುಖದಲ್ಲಿ ಅವಳಿಗಿಂತ ಅವನಿಗೇ ಹೆಚ್ಚು ನಿರಾಳ ಇದ್ದ ಹಾಗಿತ್ತು, ಅವಳು ಅವತ್ತು ಇನ್ನೊಂದು ಸಲ ಬಡಿಸಿಕೊಂಡಳು. ಸಂಜೆ ಹಾಲಿಗೆ ಅಂತ ಇಬ್ಬರೂ ಹೊರಟಾಗ ಗಂಡ ಬೀದಿಯ ತಿರುವಿನಲ್ಲಿ, ನನ್ನ ವಿಷಯವೂ ಅಲ್ವಾ ಅದು, ಅಂದರು, ನಿಮ್ಮದೂ ಅಲ್ಲ, ಸುಳಿವಾದ್ರೂ ಕೊಡು, ನೀವು ನನ್ನನ್ನ ನೋಡೋಕೂ ಮುಂಚಿನದು ರೀ, ಅವರು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡರು, ಇಷ್ಟು ವರ್ಷದಲ್ಲಿ ಮೊದಲನೇ ಸಲ, ಎದುರಿಗೆ ಬರುತ್ತಿದ್ದ ಸೈಕಲ್ಲಿಗೆ ದಾರಿ ಬಿಟ್ಟು ನಿಂತು, ಮುಂಚೆ ಏನಿತ್ತು, ಅಂತ ಕೇಳಿದರು, ತಮಾಷೆಗಲ್ಲ, ನಿಜವಾಗಿ ಕೇಳಿದರು, ತುಂಬ ಇತ್ತು, ಅಂದಳು ಅವಳು, ಅವರು ಹೂಂ ಅಂದರು, ಅಂಗಡಿ ತಲುಪುವವರೆಗೂ ಅವಳ ಪಕ್ಕಕ್ಕೇ, ಹೆಜ್ಜೆ ಸ್ವಲ್ಪ ನಿಧಾನ ಮಾಡಿ ನಡೆದರು, ಯಾವಾಗಲೂ ಮುಂದೆ ಮುಂದೆ ನಡೆಯುವವರು.

ಬಾಗಿಲ ಗಂಟೆ, ಮೇಡಂ ಬರಬಹುದಾ — ಬ್ಯಾಂಕಿನ ಹುಡುಗಿ, ಇವತ್ತು ಕೊನೆಯ ಸಲ ಅಳತೆ ನೋಡಿ ಹಾಕಿಕೊಂಡು ಹೋಗುವವಳು, ಬಾಮ್ಮ ಬಾ, ಪರದೆ ಎಳಿ, ಪೂರ್ತಿ ಎಳಿ, ಹುಡುಗಿ ಟೋಪಿ ತೆಗೆದಳು, ಮುಟ್ಟಿದಾಗ ನೆತ್ತಿ ಬೆಚ್ಚಗಿತ್ತು, ಅವಳು ವಿಗ್ಗನ್ನು ಎರಡೂ ಕೈಯಲ್ಲಿ ಹಿಡಿದು ಹಣೆಯ ಅಂಚಿಗೆ ಇಟ್ಟು ಹಿಂದಕ್ಕೆ ಎಳೆದು ಕೂರಿಸಿದಳು, ಬೈತಲೆಯನ್ನು ಬಾಚಣಿಗೆಯ ತುದಿಯಿಂದ ಸ್ವಲ್ಪ ಸೊಟ್ಟ ಮಾಡಿದಳು, ನೇರ ಬೈತಲೆ ಸುಳ್ಳು ಹೇಳುತ್ತದೆ, ಹುಡುಗಿ ಕನ್ನಡಿಯಲ್ಲಿ ನೋಡಿಕೊಂಡಳು, ನೋಡುತ್ತಲೇ ಇದ್ದಳು, ಕೈಯನ್ನು ಕಿವಿಯ ಹಿಂದಕ್ಕೆ ಒಯ್ದು, ಕೂದಲಿಲ್ಲದ ಕಾಲದಲ್ಲಿ ಮರೆತುಹೋಗಿದ್ದ ಅಭ್ಯಾಸದಿಂದ, ಎಳೆಯೊಂದನ್ನು ಸಿಕ್ಕಿಸಿಕೊಂಡಳು, ಆಹಾ, ಅದನ್ನು ನೋಡಲಿಕ್ಕೇ ಈ ಕೆಲಸ, ಆಮೇಲೆ ಕನ್ನಡಿಯೊಳಗಿಂದಲೇ, ಮೇಡಂ, ಆವತ್ತು ತೆಗೆದ ಫೋಟೋಗಳು, ಪಕ್ಕದ ಸ್ಟುಡಿಯೋದ ವಿಷಯ ಬ್ಯಾಂಕಲ್ಲಿ ಎಲ್ಲರೂ ಮಾತಾಡ್ತಾರೆ, ಅದಕ್ಕೇ ಕೇಳ್ದೆ, ನಿಮ್ಮ ಮೇಲೆ ಅನುಮಾನ ಅಂತಲ್ಲ — ಕೇಳಬೇಕಮ್ಮ, ಕೇಳಲೇಬೇಕು, ಬೇಡ ಅಂದ್ರೆ ನಿನ್ನೆದುರಿಗೇ ಅಳಿಸಿಬಿಡ್ತೀನಿ, ಇಡು ಅಂದ್ರೆ ಇರುತ್ತೆ, ಇವತ್ತೇ ಯಾವನೋ ಬಾಗಿಲು ತಳ್ಳಿ ವಾಪಸ್ ಹೋಗಿದ್ದಾನೆ, ನಮ್ಮ ಮನೆಯವರೆಲ್ಲ ಸೇರಿದ್ರೂ ತೆಗೆಯೋಕೆ ಆಗಿಲ್ಲ, ಅಂತ ಫೋನು ತೋರಿಸಿದಳು, ಹುಡುಗಿ ಓದಿದಳು, ತಡೆಯಲಾಗಿದೆ, ಭುಜ ಇಳಿಯಿತು, ಇರ್ಲಿ ಮೇಡಂ, ಈಗಿನದೂ ಒಂದು ತೆಗೀರಿ, ಅದರ ಪಕ್ಕದಲ್ಲೇ ಇಡಿ, ಅಂದಳು, ಅವಳು ತೆಗೆದಳು, ಹುಡುಗಿ ಟೋಪಿಯನ್ನು ಚೀಲಕ್ಕೆ ತುರುಕಿ ಪರದೆಯನ್ನು ತಾನೇ ಸರಿಸಿ, ರಾಜನನ್ನೂ ಮುದುಕಿಯನ್ನೂ ದಾಟಿ, ಗಾಳಿಯಿದ್ದ ರಸ್ತೆಗೆ ತಲೆಯೆತ್ತಿಕೊಂಡು ಇಳಿದಳು.

ಅವಳು ಮೇಜಿಗೆ ಬಂದು ಕೂತು ಹೊಸ ಫೋಟೋ ಸೇರಿಸಲು ಹೋದರೆ ಫೋನು ಮತ್ತೆ ಕೇಳಿತು, ಬೆಳಗಿನ ಗಲಾಟೆಯ ನಂತರ ಇನ್ನೊಮ್ಮೆ ಖಚಿತಪಡಿಸಿಕೊಳ್ಳಬೇಕಂತೆ, ಪಾಸ್‌ವರ್ಡ್ ನಮೂದಿಸಿ, ಖಾಲಿ ಪೆಟ್ಟಿಗೆ, ಅದರಲ್ಲಿ ಮಿಟುಕುವ ಗೆರೆ, ಸರಿ, ಕೇಳು, ಎಷ್ಟು ಸಲ ಬೇಕಾದರೂ ಕೇಳು, ನನ್ನನ್ನು ಯಾರು ಅಂತ ಕೇಳುವುದಕ್ಕೆ ನೀನಾದರೂ ಇದ್ದೀಯಲ್ಲ, ಬೆರಳುಗಳನ್ನು ಒರೆಸಿಕೊಂಡು ಅಕ್ಷರಗಳ ಮೇಲೆ ಇಟ್ಟಳು, ಯೋಚಿಸಬೇಕಾಗಲಿಲ್ಲ, ಬೆರಳುಗಳೇ ಹತ್ತತೊಡಗಿದವು, ಒಂದೊಂದು ಮೆಟ್ಟಿಲು, ಒಂದೊಂದು ಕಪ್ಪು ಚುಕ್ಕೆ, ಬಿಸಿ ಕಬ್ಬಿಣ, ಹಲ್ಲಿನಲ್ಲಿ ಕಾಗದ, ಅಣ್ಣನ ಅರ್ಧ ಕೆಳಗುಳಿಯಿತು, ಇನ್ನೂ ಮೇಲೆ, ಅಂಚು ಸಿಕ್ಕಿತು, ಮೊಣಕಾಲೂರಿದಳು, ಬಿಳಿ ಕೋಳಿ ಕತ್ತು ತಿರುಗಿಸಿ, ಒಂದು ಕಣ್ಣಿನಿಂದ, ಗರಿ ಹಾರುತ್ತಿದೆ, ಒಂದು ಕಣ್ಣು, ದುಂಡಗೆ, ರೆಪ್ಪೆ ಬಡಿಯದೆ, ಅವಳೊಬ್ಬಳನ್ನೇ ನೋಡುತ್ತಿದೆ.